ದೊಡ್ಡಪ್ಪ ಯಾಕೆ ವಾರ್ತೆಯವರ ಕನ್ನಡ ಕಲೀಬೇಕು?

ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಕೊಟ್ಟೂರಿಂದ ಸ್ವಲ್ಪ ದೂರ. ಸಂಜೆ ಕಟ್ಟೆ ಮೇಲೆ ಕೂತು ನಮ್ಮ ದೊಡ್ಡಪ್ಪ ಫೋನ್ ಜೊತೆ ಜಗಳ ಆಡ್ತಿದ್ದ. ಅವನಿಗೆ ಓದೋದು ಅಷ್ಟಕ್ಕಷ್ಟೆ, ಈಗ ಕಣ್ಣೂ ಮಂಜು. ಅದಕ್ಕೆ ಯಾರೋ ಹುಡುಗರು ಮೈಕ್ ಗುರುತು ಒತ್ತಿ ಮಾತಾಡೋದನ್ನ ಹೇಳಿಕೊಟ್ಟಿದ್ರು. "ಉಳ್ಳಾಗಡ್ಡಿ ರೇಟ್ ಏನೈತಿ ಇವತ್ತು?" ಅಂದ. ಪರದೆ ಮೇಲೆ ಬಂದದ್ದು ಇನ್ನೇನೋ. ಮತ್ತೆ ಅಂದ, ಮತ್ತೆ ತಪ್ಪು. ಮೂರನೇ ಸಲ ಗಂಟಲು ಸರಿ ಮಾಡ್ಕೊಂಡು, ಟಿ.ವಿ.ಯಲ್ಲಿ ವಾರ್ತೆ ಓದೋರ ಥರ, "ಈರುಳ್ಳಿಯ ದರ ಎಷ್ಟಿದೆ?" ಅಂತ ಅಕ್ಷರ ಅಕ್ಷರ ಬಿಡಿಸಿ ಕೇಳಿದ. ಸರಿಯಾಗಿ ಬಂತು. ಕಟ್ಟೆ ಮೇಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಆಮೇಲೆ ಯೋಚನೆ ಮಾಡಿದ್ರೆ ನಗು ಬರಲಿಲ್ಲ. ನಾವಿಲ್ಲಿ ಸೆಮಿಸ್ಟರ್ ಪೂರ್ತಿ ಮಷೀನ್ ಲರ್ನಿಂಗ್ ಅಂತ ಓದ್ತೀವಿ. ಯಂತ್ರ ಕಲಿಯುತ್ತೆ ಅನ್ನೋದು ಆ ಸಬ್ಜೆಕ್ಟ್‌ನ ಹೆಸರಲ್ಲೇ ಇದೆ. ಆದ್ರೆ ಆ ಕಟ್ಟೆ ಮೇಲೆ ಕಲಿತದ್ದು ಯಾರು? ಎಪ್ಪತ್ತರ ಹತ್ತಿರ ಬಂದ ದೊಡ್ಡಪ್ಪ. ಯಂತ್ರ ತನ್ನ ಜಾಗದಲ್ಲೇ ಇತ್ತು, ಮನುಷ್ಯ ತನ್ನ ಮಾತು ಬದಲಾಯಿಸಿಕೊಂಡ.

ಇದನ್ನ ಸರಿ ಮಾಡೋದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ದೊಡ್ಡ ಕಂಪ್ಯೂಟರ್‌ಗಳು, ಹಣ, ಹತ್ತಾರು ವರ್ಷದ ಸಂಶೋಧನೆ ದೂರದಲ್ಲೆಲ್ಲೋ ಇವೆ. ಮಾತು ಇಲ್ಲಿದೆ. ಎರಡೂ ಸೇರಬೇಕು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಸೇರೋದು ಹೇಗೆ ಅನ್ನೋದರ ಬಗ್ಗೆ ನಂದೊಂದು ಅಭಿಪ್ರಾಯ ಇದೆ. ದೂರದವರು ಪ್ರಶ್ನೆ ಕೇಳಿ ನಾವು ಉತ್ತರ ಒಪ್ಪಿಸೋದು ಸಹಕಾರ ಅಲ್ಲ. ಪ್ರಶ್ನೆಯಲ್ಲೂ ನಮ್ಮ ಪಾಲು ಇದ್ದಾಗ ಮಾತ್ರ ಅದು ಸಹಕಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ಇಂಜಿನಿಯರಿಂಗ್ ಓದ್ತಿರೋ ನಮ್ಮಂಥವರು ಆ ಪ್ರಶ್ನೆ ಕೇಳೋಕೆ ಸರಿಯಾದ ಜಾಗದಲ್ಲಿ ಇದ್ದೀವಿ.

ಮೊದಲು ಲೆಕ್ಕ ನೋಡೋಣ. 2022ರಲ್ಲಿ ಓಪನ್‌ಎಐ ಕಂಪನಿ ವಿಸ್ಪರ್ ಅನ್ನೋ ಮಾಡೆಲ್ ಬಿಡುಗಡೆ ಮಾಡ್ತು. ಮಾತನ್ನ ಕೇಳಿ ಬರವಣಿಗೆ ಮಾಡೋ ಮಾಡೆಲ್ ಅದು. ಇವತ್ತು ಎಷ್ಟೋ ಕಾಲೇಜು ಪ್ರಾಜೆಕ್ಟ್‌ಗಳು ಅದರ ಮೇಲೇ ನಿಂತಿವೆ. ಅದರ ತರಬೇತಿಗೆ ಬಳಸಿದ ಧ್ವನಿ 6,80,000 ಗಂಟೆ. ಅದರಲ್ಲಿ ಇಂಗ್ಲಿಷ್ ಬಿಟ್ಟು ಉಳಿದ 96 ಭಾಷೆಗಳದು ಸುಮಾರು 1,17,000 ಗಂಟೆ. ಕನ್ನಡದ ಮಾತನ್ನ ಕನ್ನಡದಲ್ಲೇ ಬರೆಯೋಕೆ ಕಲಿಸಿದ ಧ್ವನಿ ಎಷ್ಟು ಗೊತ್ತಾ? ಅವರದೇ ಪ್ರಬಂಧದ ಕೊನೆಯಲ್ಲಿರೋ ಪಟ್ಟಿ ಪ್ರಕಾರ ನಾಲ್ಕು ಗಂಟೆ ಆಸುಪಾಸು. ನಮ್ಮೂರ ಬಯಲಾಟ ಒಂದು ರಾತ್ರಿಗೆ ಅದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತೆ.

ಇದರಲ್ಲಿ ಯಾರದೂ ದ್ವೇಷ ಇಲ್ಲ. ಅವರು ಇಂಟರ್ನೆಟ್‌ನಲ್ಲಿ ಧ್ವನಿ ಮತ್ತು ಅದರ ಬರಹ ಎರಡೂ ಜೊತೆಗೆ ಸಿಕ್ಕಿದ್ದನ್ನ ಬಾಚಿಕೊಂಡರು. ಕನ್ನಡದಲ್ಲಿ ಹಾಗೆ ಸಿಕ್ಕಿದ್ದು ಅಷ್ಟೇ. ಆ ನಾಲ್ಕು ಗಂಟೆಯಲ್ಲಿ ಕೂಡ್ಲಿಗಿ ಸಂತೆಯ ಮಾತು ಎಷ್ಟು ಇರಬಹುದು ಅಂತ ನೀವೇ ಊಹಿಸಿ.

ಈ ಕೊರತೆ ತುಂಬೋ ಕೆಲಸ ಈಗ ದೊಡ್ಡದಾಗೇ ನಡೀತಿದೆ, ಅದೂ ದೇಶ ದೇಶಗಳು ಸೇರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿನ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ಮಾಡ್ತಿರೋ 'ವಾಣಿ' ಯೋಜನೆ ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಮಾತು ಸಂಗ್ರಹಿಸೋ ಗುರಿ ಇಟ್ಟುಕೊಂಡಿದೆ. ಮೊದಲ ಹಂತದಲ್ಲಿ 80 ಜಿಲ್ಲೆಗಳು. ಅವರ ವಿಧಾನ ನನಗೆ ಇಷ್ಟ ಆಯ್ತು. ಬರೆದ ವಾಕ್ಯ ಕೊಟ್ಟು ಓದಿಸಲ್ಲ. ಚಿತ್ರ ತೋರಿಸಿ "ಏನು ಕಾಣ್ತಿದೆ, ನಿಮ್ಮ ಮಾತಲ್ಲಿ ಹೇಳಿ" ಅಂತಾರೆ. ವಾಕ್ಯ ಓದಿಸಿದ್ರೆ ಪುಸ್ತಕದ ಕನ್ನಡ ಬರುತ್ತೆ, ಚಿತ್ರ ತೋರಿಸಿದ್ರೆ ಬಾಯಿಯ ಕನ್ನಡ ಬರುತ್ತೆ. ಹೀಗೆ ಸಂಗ್ರಹಿಸಿದ ಡೇಟಾವನ್ನ ಎಲ್ಲರಿಗೂ ಮುಕ್ತವಾಗಿ ಕೊಡ್ತಿದ್ದಾರೆ.

ಅದೇ ಸಂಸ್ಥೆಯ ಇನ್ನೆರಡು ಯೋಜನೆಗಳಿವೆ. 'ರೆಸ್ಪಿನ್' ಅನ್ನೋದು ಗೇಟ್ಸ್ ಫೌಂಡೇಶನ್ ನೆರವಿನದು. ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತುಗಳನ್ನ, ಆಯಾ ಭಾಷೆಯ ಉಪಭಾಷೆಗಳನ್ನ ಗಮನದಲ್ಲಿಟ್ಟುಕೊಂಡು ಸಂಗ್ರಹಿಸೋ ಕೆಲಸ. 'ಸಿಸ್ಪಿನ್' ಅನ್ನೋದು ಬರಹವನ್ನ ಧ್ವನಿ ಮಾಡೋಕೆ, ಅದಕ್ಕೆ ಜರ್ಮನಿಯ ಅಭಿವೃದ್ಧಿ ಸಹಕಾರ ಸಂಸ್ಥೆ ಜಿಐಝಡ್ ನೆರವಿದೆ. ಬೆಂಗಳೂರಿನ 'ಕಾರ್ಯ' ಅನ್ನೋ ಸಂಸ್ಥೆ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಹುಟ್ಟಿ ಹೊರಬಂದದ್ದು. ಹಳ್ಳಿಯವರ ಧ್ವನಿಗೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟು, ಮಾತಾಡೋದು ಕೂಡ ಕೂಲಿ ಸಿಗಬೇಕಾದ ಕೆಲಸ ಅಂತ ತೋರಿಸಿಕೊಟ್ಟಿದೆ. ಅಂದ್ರೆ ಕನ್ನಡದ ಮಾತಿನ ಸಂಶೋಧನೆಯಲ್ಲಿ ಈಗಾಗಲೇ ಅಮೆರಿಕ ಇದೆ, ಜರ್ಮನಿ ಇದೆ, ಬೆಂಗಳೂರು ಇದೆ. ನಾವೆಲ್ಲಿದ್ದೀವಿ?

ನಮ್ಮ ಐದು ತಾಲೂಕುಗಳ ಕಥೆ ಇಲ್ಲೇ ಬರೋದು. ಇಂಥ ಡೇಟಾಸೆಟ್‌ಗಳಲ್ಲಿ ಮಾತಾಡಿದವರ ಊರನ್ನ ಸಾಮಾನ್ಯವಾಗಿ ಜಿಲ್ಲೆಯ ಹೆಸರಲ್ಲಿ ಗುರುತಿಸ್ತಾರೆ. ಜಿಲ್ಲೆ ಅನ್ನೋದು ಅವರಿಗೆ ಒಂದು ಕಾಲಂ. ನಮಗೆ ಅದು ದೊಡ್ಡ ತಮಾಷೆ. ನನ್ನ ರೂಮ್‌ಮೇಟ್ ಹರಪನಹಳ್ಳಿಯವನು. ಅವರಪ್ಪ ಹುಟ್ಟಿದಾಗ ಅದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಸೇರಿತು, ಇವನು ಹುಟ್ಟಿದ್ದು ಆ ಜಿಲ್ಲೆಯಲ್ಲಿ. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಮನೆ ಒಂದಿಂಚೂ ಸರಿದಿಲ್ಲ, ಮನೆಯೊಳಗಿನ ಮಾತೂ ಸರಿದಿಲ್ಲ, ಕಾಲಂ ಮಾತ್ರ ಬದಲಾಗ್ತಾ ಹೋಯ್ತು. ಕೊಟ್ಟೂರೂ ಅಷ್ಟೇ, ಕೆಲವು ವರ್ಷದ ಹಿಂದೆ ತಾನೆ ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾದದ್ದು.

ಇನ್ನು ಮಾತಿಗೆ ಬಂದ್ರೆ, ಈ ಐದು ತಾಲೂಕು ಒಂದೇ ಥರ ಮಾತಾಡ್ತವೆ ಅಂತ ಹಾಸ್ಟೆಲ್‌ನಲ್ಲಿ ಯಾರಾದ್ರೂ ಅಂದ್ರೆ ಜಗಳ ಗ್ಯಾರಂಟಿ. ಹಡಗಲಿ ಗೆಳೆಯ "ಏನ್ ಮಾಡಾಕತ್ತೀಯಲೇ" ಅಂತಾನೆ. ಹೊಳೆ ದಾಟಿದ್ರೆ ಗದಗ, ಹಾವೇರಿ ಸೀಮೆ, ಆ ಸೊಗಡು ಇದ್ದೇ ಇರುತ್ತೆ. ಹರಪನಹಳ್ಳಿಯವನ ಮಾತಲ್ಲಿ ದಾವಣಗೆರೆ ಬೆರೆತಿದೆ. ಕೂಡ್ಲಿಗಿಯ ಗುಡೇಕೋಟೆ ಕಡೆ ಹೋದ್ರೆ ಚಿತ್ರದುರ್ಗದ ಮೊಳಕಾಲ್ಮೂರು ಪಕ್ಕದಲ್ಲೇ, ಆಂಧ್ರದ ಗಡಿಯೂ ದೂರ ಇಲ್ಲ. ಅಲ್ಲಿಯ ಎಷ್ಟೋ ಜನರ ಬಾಯಲ್ಲಿ 'ಹೊಲ' ಅನ್ನೋದು 'ಒಲ' ಆಗುತ್ತೆ, ನಡುನಡುವೆ ತೆಲುಗು ಇಣುಕುತ್ತೆ. ತಾಂಡಾದಿಂದ ಬಂದ ಗೆಳೆಯನಿಗೆ ಮನೆಮಾತು ಲಂಬಾಣಿ, ಅವನ ಕನ್ನಡಕ್ಕೆ ಬೇರೆಯದೇ ಲಯ. ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ನಡುವೆ ಇಷ್ಟು ಮಾತುಗಳು ಬಂದು ಕೂಡ್ತವೆ. ಜಿಲ್ಲೆಯ ಸರಾಸರಿ ತೆಗೆದ್ರೆ ಇದೆಲ್ಲ ಮಾಯ. ಇದು ಬೆಂಗಳೂರಿನ ಲ್ಯಾಬ್‌ನಲ್ಲಿ ಕೂತವರಿಗೆ ಕಾಣಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಕಾಣೋದು ಹೇಗೆ? ಕಾಣೋದು ನಮಗೆ.

ಪ್ರಶ್ನೆ ನಮ್ಮದಾಗಿದ್ರೆ ದೂರದ ತಂತ್ರಜ್ಞಾನ ಹೇಗೆ ಕೆಲಸಕ್ಕೆ ಬರುತ್ತೆ ಅನ್ನೋಕೆ ಹಳೇ ಉದಾಹರಣೆ ಒಂದಿದೆ. ಅದು ನಡೆದದ್ದು ನಮ್ಮ ತುಂಗಭದ್ರೆಯ ಆಚೆ ದಡದಲ್ಲೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ 'ಸೈಟ್' ಅನ್ನೋ ಪ್ರಯೋಗ ಮಾಡ್ತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ಎರವಲು ತಗೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಕಳಿಸಿದ್ರು. ಕರ್ನಾಟಕದಲ್ಲಿ ಆಗಿನ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ವು. ಎಷ್ಟೋ ಊರುಗಳಲ್ಲಿ ಜನ ಮೊದಲ ಸಲ ಟಿ.ವಿ. ನೋಡಿದ್ದೇ ಅವಾಗ, ಅದೂ ಉಪಗ್ರಹದಿಂದ, ಅದೂ ಕನ್ನಡದಲ್ಲಿ.

ಉಪಗ್ರಹ ಅವರದು, ಸರಿ. ಆದ್ರೆ ಯಾವ ಹಳ್ಳಿ, ಯಾವ ಭಾಷೆ, ಬೇಸಾಯದ ಬಗ್ಗೆ ಏನು ಹೇಳಬೇಕು, ಮಕ್ಕಳಿಗೆ ವಿಜ್ಞಾನ ಹೇಗೆ ತೋರಿಸಬೇಕು ಅನ್ನೋದನ್ನೆಲ್ಲ ತೀರ್ಮಾನ ಮಾಡಿದವರು ನಮ್ಮವರು. ಹಳ್ಳಿಯಲ್ಲಿಡೋ ಸೆಟ್‌ಗಳನ್ನ ಇಲ್ಲೇ ತಯಾರಿಸಿದ್ರು, ಕೋಳಿಗೂಡಿನ ಜಾಲರಿಯಂಥ ತಂತಿಬಲೆಯ ಆಂಟೆನಾ ಇಲ್ಲೇ ಮಾಡಿದ್ರು. ವರ್ಷ ಮುಗೀತು, ಉಪಗ್ರಹ ವಾಪಸ್ ಹೋಯ್ತು, ಹಳ್ಳಿಗಳ ಪರದೆ ಕತ್ತಲಾಯ್ತು. ಆ ನೋವು ನಿಜ. ಆದ್ರೆ ಒಂದು ವರ್ಷ ಆ ವ್ಯವಸ್ಥೆಯನ್ನ ಕೈಯಾರೆ ನಡೆಸಿದ ಎಂಜಿನಿಯರ್‌ಗಳು ಇಲ್ಲೇ ಉಳಿದ್ರು. 1983ರಲ್ಲಿ ಇನ್ಸಾಟ್-1ಬಿ ಕೆಲಸ ಶುರು ಮಾಡಿದಾಗ ಆ ಅನುಭವ ಜೊತೆಗಿತ್ತು. ಸಹಕಾರ ಮುಗಿದ ಮೇಲೆ ನಮ್ಮ ಕೈಲಿ ಏನು ಉಳಿಯುತ್ತೆ ಅನ್ನೋದೇ ಅದರ ಅಳತೆಗೋಲು ಅಂತ ನನಗನ್ಸುತ್ತೆ. ಧ್ವನಿ ಕೊಟ್ವಿ, ಆ್ಯಪ್ ಬಂತು, ಆ್ಯಪ್ ಹೋಯ್ತು, ಕೈಲಿ ಏನೂ ಇಲ್ಲ ಅಂದ್ರೆ ಅದು ವ್ಯಾಪಾರ.

ಇಷ್ಟು ದೊಡ್ಡ ಉಪಗ್ರಹದ ಮಾತು ನಮಗ್ಯಾಕೆ ಅನ್ನಬಹುದು. ಹಾಗಾದ್ರೆ ಚಿಕ್ಕದನ್ನ ಹೇಳ್ತೀನಿ. ಎಂನಿಸ್ಟ್ ಎಲ್ಲರೂ ಮಾಡಿರ್ತೀರಿ, ಕೈಬರಹದ ಇಂಗ್ಲಿಷ್ ಅಂಕಿಗಳನ್ನ ಗುರುತಿಸೋ ಮೊದಲ ಲ್ಯಾಬ್. 2019ರಲ್ಲಿ ವಿನಯ್ ಪ್ರಭು ಅನ್ನೋ ಸಂಶೋಧಕರು ಅದರ ಕನ್ನಡ ರೂಪ ಮಾಡಿದ್ರು, ಹೆಸರು ಕನ್ನಡ-ಎಂನಿಸ್ಟ್. ಬೆಂಗಳೂರಲ್ಲಿ 65 ಜನ ಸ್ವಯಂಸೇವಕರು ಕಾಗದದ ಮೇಲೆ ಕನ್ನಡ ಅಂಕಿ ಬರೆದುಕೊಟ್ರು. ಅದನ್ನ ಸ್ಕ್ಯಾನ್ ಮಾಡಿ 70,000 ಚಿತ್ರ ಆಯ್ತು. ಇನ್ನೊಂದು ಚಿಕ್ಕ ಗುಂಪು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಲ್ಲಿ ಬರೆದುಕೊಟ್ಟಿತು, ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಅಂಕಿ ಹೊಸದು. ಬೆಂಗಳೂರಿನ ಅಂಕಿ ಕಲಿತ ಮಾಡೆಲ್ ಬೆಂಗಳೂರಿನ ಪರೀಕ್ಷೆಯಲ್ಲಿ ಶೇ. 97ರ ಆಸುಪಾಸು ತಗೊಂತು. ಅಮೆರಿಕದಲ್ಲಿ ಬರೆದ ಅಂಕಿಗಳ ಮೇಲೆ ಶೇ. 80ಕ್ಕಿಂತ ಕೆಳಗೆ ಬಿತ್ತು. ಅದೇ ಲಿಪಿ, ಅದೇ ಹತ್ತು ಅಂಕಿ, ಬರೆದ ಕೈ ಬೇರೆ. ಹತ್ತು ಅಂಕಿಯ ಕಥೆ ಹೀಗಾದ್ರೆ ಐದು ತಾಲೂಕಿನ ಮಾತಿನ ಕಥೆ? ಆ ಡೇಟಾಸೆಟ್ ಮೇಲೆ ಕ್ಯಾಗಲ್‌ನಲ್ಲಿ ಸ್ಪರ್ಧೆ ನಡೀತು, ಕನ್ನಡದ ಗಂಧ ಇಲ್ಲದವರೂ ಭಾಗವಹಿಸಿದ್ರು. ಕಾಗದ, ಪೆನ್ನು, ಸ್ಕ್ಯಾನರ್ ಮತ್ತು ಒಂದು ಒಳ್ಳೇ ಪ್ರಶ್ನೆ, ಅಷ್ಟೇ ಬಂಡವಾಳ.

ಇನ್ನೊಂದು ಆಫ್ರಿಕಾದ್ದು. 'ಮಸಖಾನೆ' ಅಂದ್ರೆ ಝುಲು ಭಾಷೆಯಲ್ಲಿ 'ಸೇರಿ ಕಟ್ಟೋಣ' ಅಂತ. 2019ರಲ್ಲಿ ಶುರುವಾದ ಈ ಗುಂಪಿನಲ್ಲಿ ದೊಡ್ಡ ಪ್ರೊಫೆಸರ್‌ಗಳಷ್ಟೇ ಅಲ್ಲ, ವಿದ್ಯಾರ್ಥಿಗಳು, ಅನುವಾದಕರು, ಭಾಷೆ ಆಡೋ ಸಾಮಾನ್ಯ ಜನ ಎಲ್ಲ ಇದ್ದಾರೆ. ಬೇರೆ ಬೇರೆ ದೇಶಗಳಿಂದ ಆನ್‌ಲೈನ್‌ನಲ್ಲೇ ಸೇರಿ ತಮ್ಮ ಭಾಷೆಗಳಿಗೆ ಯಂತ್ರಾನುವಾದ ಮಾಡಿದ್ರು. 2020ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ 40ಕ್ಕೂ ಹೆಚ್ಚು ಲೇಖಕರ ಹೆಸರಿದೆ. ಡೇಟಾ ಕೊಟ್ಟವರು, ಕೋಡ್ ಬರೆದವರು, ಅನುವಾದ ಸರಿ ಇದೆಯಾ ಅಂತ ನೋಡಿದವರು ಎಲ್ಲರೂ ಲೇಖಕರೇ. ನಮ್ಮ ಕಡೆ ಧ್ವನಿ ಕೊಟ್ಟವರು ಬರೀ 'ಸ್ಪೀಕರ್ ಐಡಿ' ಆಗಿ ಉಳೀತಾರೆ. ವ್ಯತ್ಯಾಸ ಇಲ್ಲಿದೆ.

ಈಗ ನಮ್ಮ ಕ್ಯಾಂಟೀನ್‌ನಲ್ಲಿ ಬರೋ ಆಕ್ಷೇಪಗಳು. ಮೊದಲನೆಯದು: "ಇದೆಲ್ಲ ಮಾಡಿದ್ರೆ ಪ್ಲೇಸ್‌ಮೆಂಟ್ ಆಗುತ್ತಾ?" ನೇರವಾಗಿ ಹೇಳ್ತೀನಿ, ಗ್ಯಾರಂಟಿ ಇಲ್ಲ. ಆದ್ರೆ ನೂರು ಜನ ರೆಸ್ಯೂಮೆಯಲ್ಲಿ ಅದೇ ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಸಿಸ್ಟಮ್ ಇರೋವಾಗ, ತಾನೇ ಕಟ್ಟಿದ ಟೆಸ್ಟ್ ಸೆಟ್ ಇರೋನ ಮಾತು ಇಂಟರ್‌ವ್ಯೂನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಡೆಯುತ್ತೆ. ಎರಡನೆಯದು: "ನಮ್ಮ ಜನರ ಧ್ವನಿ ಯಾಕೆ ಹೊರಗಿನವರಿಗೆ ಕೊಡ್ಬೇಕು?" ಈ ಅನುಮಾನ ನನಗೂ ಇದೆ, ಅದು ಸರಿಯಾದ ಅನುಮಾನ. ಆದ್ರೆ ಬಾಗಿಲು ಹಾಕಿಕೊಂಡ್ರೆ ನಷ್ಟ ಕಂಪನಿಗಲ್ಲ, ದೊಡ್ಡಪ್ಪನಿಗೆ. ಅವನು ಇನ್ನೂ ಹತ್ತು ವರ್ಷ ವಾರ್ತೆಯವರ ಕನ್ನಡವೇ ಮಾತಾಡಬೇಕಾಗುತ್ತೆ. ಬಾಗಿಲು ತೆಗೆದು, ಯಾವ ಷರತ್ತಿನ ಮೇಲೆ ಅಂತ ಕೇಳೋದು ಮೇಲು. ಮೂರನೆಯದು: "ನಮ್ಮ ಲ್ಯಾಬ್‌ನಲ್ಲಿ ಜಿಪಿಯು ಎಲ್ಲಿದೆ?" ಇಲ್ಲ. ಬೇಕಾಗೂ ಇಲ್ಲ, ಯಾಕೆ ಅಂತ ಹೇಳ್ತೀನಿ.

ಮಾಡೆಲ್ ಕಟ್ಟೋಕೆ ಜಿಪಿಯು ಬೇಕು. ಮಾಡೆಲ್‌ನ ಪರೀಕ್ಷೆ ಮಾಡೋಕೆ ಬೇಕಾಗಿರೋದು ಪ್ರಶ್ನೆಪತ್ರಿಕೆ. ನಮ್ಮ ಐದು ತಾಲೂಕಿನ ಪ್ರಶ್ನೆಪತ್ರಿಕೆ ಯಾರೂ ಮಾಡಿಲ್ಲ ಅಂದ್ರೆ ನಾವು ಮಾಡೋಣ. ತಾಲೂಕಿಗೆ ಹತ್ತಿಪ್ಪತ್ತು ಜನ, ಹೆಣ್ಣು ಗಂಡು, ಹಿರಿಯರು ಕಿರಿಯರು. ಚಿತ್ರ ತೋರಿಸಿ ಮಾತಾಡಿಸೋಣ. ಸಂತೆ, ಮಳೆ, ಮೆಕ್ಕೆಜೋಳ, ಶೇಂಗಾ, ಬ್ಯಾಂಕು, ಆಸ್ಪತ್ರೆ. ಕಿವಿಗೊಟ್ಟು ಕೇಳಿ, ಅವರು ಅಂದಂಗೇ ಬರೆಯೋಣ. ವಿಸ್ಪರ್ ಥರದ ಮುಕ್ತ ಮಾಡೆಲ್‌ಗಳನ್ನ ಕೊಲ್ಯಾಬ್‌ನಲ್ಲಿ ಪುಕ್ಕಟೆ ಓಡಿಸಿ ನೋಡೋಣ.

ಅಳೆಯೋ ಲೆಕ್ಕ ಸುಲಭ. ಬದಲಾದ ಪದ, ಬಿಟ್ಟುಹೋದ ಪದ, ಹೊಸದಾಗಿ ಸೇರಿದ ಪದ ಮೂರನ್ನೂ ಕೂಡಿಸಿ ಒಟ್ಟು ಪದಗಳಿಂದ ಭಾಗಿಸೋದು. ಹತ್ತು ಪದದಲ್ಲಿ ಎರಡು ಬದಲಾಗಿ ಒಂದು ಬಿಟ್ಟುಹೋದ್ರೆ ಶೇ. 30 ತಪ್ಪು. ಆದ್ರೆ ಈ ಲೆಕ್ಕ ಇಂಗ್ಲಿಷ್‌ಗೆ ಹೊಂದಿಕೊಂಡಷ್ಟು ಕನ್ನಡಕ್ಕೆ ಹೊಂದಲ್ಲ. 'ಹೋಗಬೇಕಾಗಿತ್ತಂತೆ' ನಮಗೆ ಒಂದೇ ಪದ, ಒಂದು ಅಕ್ಷರ ತಪ್ಪಿದ್ರೂ ಇಡೀ ಪದ ತಪ್ಪು. ಅದಕ್ಕೆ ಅಕ್ಷರದ ಮಟ್ಟದಲ್ಲೂ ಎಣಿಸಬೇಕು. ಇನ್ನೂ ಮುಖ್ಯವಾದದ್ದು: ದೊಡ್ಡಪ್ಪ 'ಐತಿ' ಅಂದಾಗ ಮಾಡೆಲ್ 'ಇದೆ' ಅಂತ ಬರೆದ್ರೆ ಅದು ಸರಿಯೋ ತಪ್ಪೋ? ಉಳ್ಳಾಗಡ್ಡಿ ರೇಟ್ ಕೇಳೋವಾಗ ಪರವಾಗಿಲ್ಲ, ಅರ್ಥ ತಲುಪಿತು. ಆದ್ರೆ ಅಜ್ಜಿ ಹಾಡಿದ ಸೋಬಾನೆ ಪದ ದಾಖಲಿಸೋವಾಗ ಅದು ತಪ್ಪು, ಯಾರದೋ ಹೇಳಿಕೆ ಬರೆದುಕೊಳ್ಳೋವಾಗ ದೊಡ್ಡ ತಪ್ಪು. ಯಾವಾಗ ಯಾವುದು ಅಂತ ನಿರ್ಧರಿಸೋದು ಯಾರು? ಇದೇ ನಾನು ಹೇಳ್ತಿರೋ 'ನಮ್ಮ ಪ್ರಶ್ನೆ'. ಇದಕ್ಕೆ ಉತ್ತರ ಹುಡುಕೋದೂ ಐಟಿ ಸಂಶೋಧನೆಯೇ, ಮತ್ತು ಇದನ್ನ ದೂರದ ಲ್ಯಾಬ್ ತಾನಾಗಿ ಕೇಳಲ್ಲ.

ಷರತ್ತುಗಳನ್ನೂ ನಾವೇ ಬರೆದುಕೊಳ್ಳೋಣ. ರೆಕಾರ್ಡ್ ಮಾಡೋ ಮೊದಲು ಒಪ್ಪಿಗೆ, ಅದೂ ಅವರಿಗೆ ಅರ್ಥ ಆಗೋ ಮಾತಲ್ಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ, ಅದನ್ನ ಒಮ್ಮೆ ಓದೋಣ. ಬೇಡ ಅಂದ್ರೆ ಅಳಿಸೋಣ. ಹೆಸರಿನ ಬದಲು ತಾಲೂಕು ಮತ್ತು ವಯಸ್ಸು ಬರೆಯೋಣ, ಜಿಲ್ಲೆಯ ಕಾಲಂ ಜೊತೆ ತಾಲೂಕಿನ ಕಾಲಂ ಇರಲೇಬೇಕು. ಫಲಿತಾಂಶವನ್ನ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದು, ಬೆಂಗಳೂರಿನ ಆ ತಂಡಗಳಿಗೆ, ಹೊರದೇಶದ ಗುಂಪುಗಳಿಗೆ ಕಳಿಸೋಣ. "ನಿಮ್ಮ ಮಾಡೆಲ್ ನಮ್ಮಲ್ಲಿ ಇಲ್ಲಿ ಸೋಲ್ತಿದೆ, ಇದು ಪುರಾವೆ, ಸೇರಿ ಸರಿ ಮಾಡೋಣ ಬನ್ನಿ" ಅಂತ ಬರೆದ ಪತ್ರಕ್ಕೆ ಒಬ್ಬ ಸಂಶೋಧಕನ ಮುಂದೆ ತೂಕ ಇರುತ್ತೆ. "ಸರ್, ಇಂಟರ್ನ್‌ಶಿಪ್ ಇದ್ರೆ ಹೇಳಿ" ಅನ್ನೋ ಮೇಲ್‌ಗೆ ಅಷ್ಟು ಇರಲ್ಲ.

ಹಡಗಲಿ ತಾಲೂಕಿನ ಮೈಲಾರದ ಜಾತ್ರೆಗೆ ಹೋದವರಿಗೆ ಗೊತ್ತು. ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂತಾನೆ, ಲಕ್ಷಾಂತರ ಜನ ಗಪ್‌ಚುಪ್. ಒಂದೇ ಒಂದು ಸಾಲಿನ ಕಾರಣಿಕ ನುಡೀತಾನೆ. ಮರುಗಳಿಗೆಯಿಂದ ಚರ್ಚೆ ಶುರು: ಏನಂದ? ಮಳೆ ಬಗ್ಗೆ ಅಂದನೋ, ಬೆಳೆ ಬಗ್ಗೆ ಅಂದನೋ, ರಾಜಕೀಯದ ಬಗ್ಗೆಯೋ? ಕಿವಿಗೆ ಬಿದ್ದದ್ದು ಒಂದೇ ಸಾಲು, ಅರ್ಥ ಮಾಡೋರು ಆ ಮಣ್ಣಿನ ಮಳೆಬೆಳೆ ಬಲ್ಲವರು. ಅದನ್ನ ಎಷ್ಟೇ ಒಳ್ಳೇ ಮೈಕ್‌ನಿಂದ ರೆಕಾರ್ಡ್ ಮಾಡಿ ಎಲ್ಲಿಗೇ ಕಳಿಸಿದ್ರೂ, ಅರ್ಥಕ್ಕೆ ಮತ್ತೆ ಇಲ್ಲಿಗೇ ಬರಬೇಕು.

ಸೆಮಿಸ್ಟರ್ ಮುಗಿದ ಮೇಲೆ ಎಲ್ಲರೂ ಊರಿಗೆ ಹೋಗ್ತೀವಿ. ಹೇಗೂ ಹದಿನೈದು ದಿನ ಫೋನ್ ಒತ್ತುತ್ತಾ ಕೂರ್ತೀವಿ. ಈ ಸಲ ಆ ಫೋನ್‌ನ ಮೈಕ್ ಒತ್ತಿ ಮನೆಯ ಹಿರಿಯರ ಕೈಗೆ ಕೊಡಿ. ಮಾಡೆಲ್ ಎಲ್ಲಿ ತಪ್ಪಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಐದು ತಾಲೂಕಿನಿಂದ ಐದೈದು ಹಾಳೆ ಬಂದ್ರೂ ಸಾಕು, ಕನ್ನಡ ಸಂಘದ ರೂಮಿನಲ್ಲಿ ಕೂತು ಶುರು ಮಾಡೋಣ. ನಾನು ದೊಡ್ಡಪ್ಪನದು ತರ್ತೀನಿ. ಅವನಿಗೆ ಒಂದು ಮಾತು ಕೊಟ್ಟು ಬಂದಿದ್ದೀನಿ: ಮುಂದಿನ ಸಲ ನೀನು ನಿನ್ನ ಮಾತಲ್ಲೇ ಕೇಳು, ಕಲಿಯೋ ಕೆಲಸ ಅದು ಮಾಡಲಿ.